ಹಿಮಾಲಯದ ನಡಿಗೆಗೆ ದಿನಗಳ ಬುತ್ತಿ

ಈ ಪುಟಗಳನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು ಒಂದು ವಿಚಾರದಲ್ಲಿ ಸಲಹೆ ಕೇಳಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳು ನಾಲ್ವರು ಸಂಗಡಿಗರೊಡನೆ ನೇಪಾಳಕ್ಕೆ ತೆರಳಿ, ಎವರೆಸ್ಟ್ ಶಿಖರದ ಬುಡದಲ್ಲಿ ಪರ್ವತಾರೋಹಿಗಳು ಬೀಡು ಬಿಡುವ ಸ್ಥಳದವರೆಗೆ ಕಾಲ್ನಡೆಯಲ್ಲಿ ಹೋಗಿ ಬರುವುದೆಂದು ನಿಶ್ಚಯಿಸಿರುವಳಂತೆ. ಕಚೇರಿಯಲ್ಲಿ ಹತ್ತು ದಿನದ ರಜೆ ದೊರೆತಿದೆಯಂತೆ. ಹೋಗಿ ಬರುವ ವಿಮಾನದ ಟಿಕೆಟ್ಟುಗಳನ್ನೂ ಕೊಂಡಾಗಿದೆಯಂತೆ. “ಹೆಣ್ಣುಮಗಳು, ಬೆಟ್ಟದ ದಾರಿ. ಅವಳ ತಾಯಿಗೆ ನಿದ್ರೆಯಿಲ್ಲ. ಬೇಡವೆನ್ನಲೇ, ಆಗಲೆನ್ನಲೇ?” ಎಂದು ಆ ಮಹನೀಯರ ಪ್ರಶ್ನೆ. ಇಂತಹ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಹುಟ್ಟುತ್ತಿರುವುದರಿಂದ, ಉತ್ತರವನ್ನು ಅವರೊಬ್ಬರಿಗೇ ಬರೆಯದೆ ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇವೆ.

ಮೊದಲು ಹೆಣ್ಣುಮಗಳೆಂಬ ಸಂದೇಹವನ್ನು ತೀರಿಸಿಬಿಡೋಣ. ಅದಕ್ಕೆ ಹೆಚ್ಚು ಕಾಗದ ಬೇಕಾಗದು. ನೇಪಾಳದ ಬಾಗಿಲು ಪರದೇಶೀಯರಿಗೆ ಆಗತಾನೆ ತೆರೆಯುತ್ತಿದ್ದ ೧೯೫೦ರಲ್ಲಿ, ಎವರೆಸ್ಟಿನ ದಕ್ಷಿಣದ ಮಗ್ಗುಲಿನ ಖುಂಬು ಪ್ರಾಂತಕ್ಕೆ ಹೋದ ಪಾಶ್ಚಾತ್ಯರ ಮೊದಲ ತಂಡದಲ್ಲಿಯೇ ಒಬ್ಬ ಮಹಿಳೆಯಿದ್ದರು. ಜಿಮ್ಮಿ ರಾಬರ್ಟ್ಸ್ ಎಂಬ ನಿವೃತ್ತ ಸೇನಾಧಿಕಾರಿ, ಡೇರೆ, ಅಡಿಗೆಯವರು, ಹೊರೆಯಾಳುಗಳು ಎಲ್ಲವನ್ನೂ ತಾನೇ ಒದಗಿಸಿ ಯಾತ್ರಿಕರನ್ನು ಬೆಟ್ಟಗಳಲ್ಲಿ ನಡೆಯಿಸುವ ಉದ್ಯಮವನ್ನು ಪ್ರಾರಂಭಿಸಿದಾಗ, ೧೯೬೫ರಲ್ಲಿ ಅವನೊಡನೆ ಹೊರಟ ಮೊದಲ ಗಿರಾಕಿಗಳು ಅಮೆರಿಕದ ಮೂವರು ಸ್ತ್ರೀಯರು. ಈಗಿನವರು ಟ್ರೆಕ್ಕಿಂಗ್ ಎಂದೂ ಚಾರಣವೆಂದೂ ಕರೆಯುವ ವ್ಯವಹಾರ ನೇಪಾಳದಲ್ಲಿ ಬೆಳೆದುದು ಅಲ್ಲಿಂದೀಚೆಗೆ. ೧೯೮೪ರಲ್ಲಿ ನಮ್ಮ ದೇಶದ ಬಚೇಂದ್ರಿ ಪಾಲರು ಎವರೆಸ್ಟಿನ ನೆತ್ತಿಯನ್ನೇ ಮುಟ್ಟಿ ಬಂದರು. ಆದಕಾರಣ ಆ ಮಾತು ಸಾಕು. ಪತ್ರವನ್ನು ಓದುವಾಗ ನಮ್ಮನ್ನು ಬೆದರಿಸಿದುದು ‘ಹೆಣ್ಣುಮಗಳು’ ಎಂಬ ಶಬ್ದವಲ್ಲ, ‘ಹತ್ತು ದಿನ’ ಎಂಬ ಶಬ್ದ.

ದಾರಿಯೇನೋ ಭಯಂಕರವಾದುದಲ್ಲ. ಹಗ್ಗ ಹಿಡಿದು ಹತ್ತುವ ಬಂಡೆಗಳಿಲ್ಲ. ಹಳ್ಳಿಯಿಂದ ಹಳ್ಳಿಗೆ ತುಳಿದು ಸವೆದ ಕಾಲುದಾರಿ. ನದಿಗಳ ಮೇಲೆ ತೂಗುಸೇತುವೆಗಳು. ಸಂಜೆಗೆ ಶೆರ್ಪಾ ಜನರ ತಂಗುಮನೆಗಳಲ್ಲಿ ಬಿಸಿಯೂಟ, ಹಾಸಿಗೆ. ಹೊರೆ ಹೊತ್ತ ಚಮರೀಮೃಗಗಳು ಎದುರಾದರೆ ಪ್ರಪಾತದ ಮಗ್ಗುಲಿಗೆ ನಿಲ್ಲದೆ ಬೆಟ್ಟದ ಮಗ್ಗುಲಿಗೆ ಸರಿದು ನಿಲ್ಲಬೇಕೆಂಬುದನ್ನು ತಿಳಿದರೆ ಸಾಕು. ಕುಮಾರಪರ್ವತವನ್ನು ಹತ್ತಿ ಇಳಿದವರಿಗೆ ಅಲ್ಲಿನ ಒಂದು ದಿನದ ನಡಿಗೆ ಕಷ್ಟವಾಗಿ ತೋರದು. ಮೋಸವಿರುವುದು ಇಲ್ಲಿಯೇ. ಕಾಲಿಗೆ ಸುಲಭವಾದ ದಾರಿಯಲ್ಲಿ ಮನುಷ್ಯನು ಬೇಗ ಬೇಗ ಮೇಲೇರುತ್ತಾನೆ; ಕಾಲು ಒಪ್ಪಿದುದನ್ನು ಪುಪ್ಪುಸವೂ ಮಿದುಳೂ ಒಪ್ಪಿವೆಯೇ ಎಂದು ಕೇಳುವುದಿಲ್ಲ.

ಎತ್ತರದ ಲೆಕ್ಕವನ್ನು ಸ್ವಲ್ಪ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ. ಕರ್ನಾಟಕದಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿ ೬,೩೦೦ ಅಡಿಗಳಿಗೆ ತುಸು ಮೇಲು. ವಿಮಾನವು ಯಾತ್ರಿಕರನ್ನು ಇಳಿಸುವ ಲುಕ್ಲಾ ಎಂಬ ಊರೇ ೯,೪೦೦ ಅಡಿಗಳ ಸಮೀಪ. ಎರಡನೆಯ ದಿನ ಸೇರುವ ನಾಮ್ಚೆ ಬಜಾರ್ ೧೧,೩೦೦. ತೆಂಗ್‌ಬೋಚೆಯ ಬೌದ್ಧವಿಹಾರ ೧೨,೬೦೦ಕ್ಕೂ ಮೇಲೆ, ಫೆರಿಚೆ ೧೩,೯೦೦, ಲೊಬುಚೆ ೧೬,೨೦೦. ಕಟ್ಟಕಡೆಯ ಬೀಡು ೧೭,೬೦೦ ಅಡಿ. ಅಂದರೆ ನಮ್ಮ ನಾಡಿನ ಅತ್ಯುನ್ನತ ಶಿಖರದ ಮೇಲೆ ಅಂತಹುದೇ ಇನ್ನೊಂದನ್ನು ಇಟ್ಟು, ಅದರ ಮೇಲೆ ಮುಕ್ಕಾಲು ಶಿಖರವನ್ನು ಇಟ್ಟಂತೆ.

ಗಾಳಿಯಲ್ಲಿ ಪ್ರಾಣವಾಯುವಿನ ಪಾಲು ಎಲ್ಲೆಡೆಯಲ್ಲಿಯೂ ಒಂದೇ, ನೂರರಲ್ಲಿ ಸುಮಾರು ಇಪ್ಪತ್ತೊಂದು. ಆದರೆ ಮೇಲೇರಿದಂತೆಲ್ಲ ಗಾಳಿಯ ಒತ್ತಡ ತಗ್ಗಿ, ಗಾಳಿಯೇ ತೆಳುವಾಗುತ್ತದೆ. ನಾಮ್ಚೆಯಲ್ಲಿ ಅದು ಸಮುದ್ರತೀರದ ಮೂರರಲ್ಲಿ ಎರಡು ಪಾಲು. ೧೮,೦೦೦ ಅಡಿಗಳ ಹತ್ತಿರ ಸರಿಯಾಗಿ ಅರ್ಧ. ಇದು ಪುಸ್ತಕದ ಮಾತೆಂದು ತೋರಿದರೆ ಗೃಹಿಣಿಯರು ಅಡಿಗೆಮನೆಯ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒತ್ತಡ ಕಡಮೆಯಾದಂತೆ ನೀರು ಕಡಮೆ ಶಾಖದಲ್ಲಿಯೇ ಕುದಿಯುತ್ತದೆ. ಮಂಗಳೂರಿನಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ೯೭ಕ್ಕೆ ಕುದಿದರೆ, ಫೆರಿಚೆಯಲ್ಲಿ ೮೬ರ ಸುಮಾರಿಗೇ ಕುದಿಯತೊಡಗುವುದು. ನೀರು ತಳಮಳ ಕುದಿಯುತ್ತಿರುತ್ತದೆ, ಬೇಳೆ ಮಾತ್ರ ಬೇಯದು. ಅಲ್ಲಿನ ಅಡಿಗೆಯವರು ಪ್ರೆಷರ್ ಕುಕ್ಕರನ್ನು ಬಿಟ್ಟು ಕೆಲಸ ಮಾಡಲಾರರು. ಬೇಳೆಗೇ ಈ ಗತಿಯಾದರೆ ದೇಹಕ್ಕೆ ಏನಾಗಬೇಡ?

ದೇಹವು ಸುಮ್ಮನಿರುವುದಿಲ್ಲ, ತನ್ನ ಕೈಲಾದ ಉಪಾಯವನ್ನೆಲ್ಲ ಮಾಡುತ್ತದೆ. ಮೊದಲ ಗಳಿಗೆಯಿಂದಲೇ ಉಸಿರಾಟ ಹೆಚ್ಚುತ್ತದೆ, ನಾಡಿ ತೀವ್ರವಾಗುತ್ತದೆ. ಆದರೆ ಹೆಚ್ಚು ಉಸಿರಾಡಿದರೆ ಇಂಗಾಲಾಮ್ಲವಾಯುವು ಮಿತಿಮೀರಿ ಹೊರಹೋಗಿ ರಕ್ತದ ಗುಣವೇ ಸ್ವಲ್ಪ ಬದಲಾಗಿ, “ಸಾಕು, ನಿಧಾನವಾಗಿ ಉಸಿರಾಡು” ಎಂದು ದೇಹವೇ ತನ್ನನ್ನು ತಡೆಯುತ್ತದೆ. ಈ ಜಗಳವನ್ನು ತೀರಿಸುವ ಪಂಚಾಯತರು ಮೂತ್ರಪಿಂಡಗಳು. ಅವು ರಕ್ತದಲ್ಲಿ ಹೆಚ್ಚಾದ ಕ್ಷಾರವನ್ನು ಹೊರಹಾಕಿ ಸಮತೆಯನ್ನು ತರುತ್ತವೆ. ಆದರೆ ಅದಕ್ಕೆ ಕೆಲವು ದಿನಗಳೇ ಬೇಕು. ರಕ್ತದ ಕೆಂಪುಕಣಗಳು ಹೆಚ್ಚಬೇಕಾದರೆ ವಾರಗಳು ಬೇಕು. ಹಣವಾಗಲಿ ಧೈರ್ಯವಾಗಲಿ ಮೂತ್ರಪಿಂಡಗಳನ್ನು ಅವಸರಪಡಿಸಲಾರದು. ದಿನನಿತ್ಯ ವ್ಯಾಯಾಮ ಮಾಡಿ ಮೈ ಹುರಿಗಟ್ಟಿರುವ ತರುಣನಿಗೂ, ಹೊಟ್ಟೆ ಬೆಳೆದ ಅವನ ಚಿಕ್ಕಪ್ಪನಿಗೂ ಈ ವಿಷಯದಲ್ಲಿ ಪಕ್ಷಪಾತವಿಲ್ಲ. ವಾಸ್ತವವಾಗಿ ತರುಣನಿಗೇ ಅಪಾಯ ಹೆಚ್ಚಾಗುವುದುಂಟು, ಏಕೆಂದರೆ ಅವನು ಬೇಗ ನಡೆಯಬಲ್ಲನು.

ಇದನ್ನು ವೈದ್ಯರು ಕಂಡುಕೊಂಡ ಕಥೆಯೂ ಸ್ವಾರಸ್ಯವಾಗಿದೆ. ಮೇಲೆ ಹೇಳಿದ ೧೯೫೦ರ ತಂಡದಲ್ಲಿ ಚಾರ್ಲ್ಸ್ ಹೌಸ್ಟನ್ ಎಂಬ ಅಮೆರಿಕದ ವೈದ್ಯನೂ ಇದ್ದನು. ಕೊಲೊರಾಡೊ ಬೆಟ್ಟಗಳಲ್ಲಿ ಹಿಮದ ಮೇಲೆ ಜಾರಾಡಲು ಹೋದ ಆರೋಗ್ಯವಂತನಾದ ತರುಣನೊಬ್ಬನಿಗೆ ಪುಪ್ಪುಸದಲ್ಲಿ ನೀರು ತುಂಬಿದುದನ್ನು ಪರೀಕ್ಷಿಸಿ, ಇದು ನ್ಯುಮೋನಿಯವಲ್ಲ, ಎತ್ತರದಿಂದಲೇ ಬಂದ ವಿಕಾರವೆಂದು ೧೯೬೦ರಲ್ಲಿ ಅವನು ಬರೆದನು. ಅದಕ್ಕೆ ಮುಂಚೆ ಇಂತಹ ಎಷ್ಟೋ ಮರಣಗಳು ನ್ಯುಮೋನಿಯದ ಲೆಕ್ಕಕ್ಕೆ ಸೇರಿಹೋಗುತ್ತಿದ್ದವು. ಬಳಿಕ ೧೯೬೨ರ ಚೀನಾ ಯುದ್ಧದ ಕಾಲದಲ್ಲಿ ನಮ್ಮ ಸಿಪಾಯಿಗಳು ಬಯಲುಸೀಮೆಯಿಂದ ಹಿಮಾಲಯದ ನೆತ್ತಿಗೆ ಒಮ್ಮೆಲೇ ಹೋಗಬೇಕಾಯಿತು. ಆ ವರುಷಗಳ ಅನುಭವದಿಂದ ಡಾಕ್ಟರ್ ಇಂದರ್ ಸಿಂಗರೂ ಅವರ ಸಂಗಡಿಗರೂ ೧೧,೦೦೦ದಿಂದ ೧೮,೦೦೦ ಅಡಿಗಳ ನಡುವೆ ಬೇನೆಬಿದ್ದ ೧,೯೨೫ ಜನ ಸೈನಿಕರ ವಿವರಗಳನ್ನು ಕಲೆಹಾಕಿ ೧೯೬೯ರಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಇಂದಿಗೂ ಆ ಲೇಖನವನ್ನು ಗೌರವದಿಂದ ಸ್ಮರಿಸುತ್ತಾರೆ. ಇನ್ನು ಯಾತ್ರಿಕರ ವಿಷಯ: ಪೀಟರ್ ಹ್ಯಾಕೆಟ್ ಮೊದಲಾದವರು ಫೆರಿಚೆಯಲ್ಲಿ ೨೭೮ ಜನ ನಡಿಗೆಯವರನ್ನು ಪರೀಕ್ಷಿಸಿ ೧೯೭೬ರಲ್ಲಿ ತಿಳಿಸಿದ್ದೇನೆಂದರೆ, ನೂರಕ್ಕೆ ಐವತ್ತಮೂರು ಜನರಿಗೆ ಎತ್ತರದ ಬೇನೆ ತಟ್ಟಿತ್ತು, ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರಿಗೆ, ಕೆಳಗಿನಿಂದ ನಡೆದು ಬಂದವರಿಗಿಂತ ಹೆಚ್ಚಾಗಿ ತಟ್ಟಿತ್ತು.

ಈ ಕೊನೆಯ ಮಾತನ್ನು ವಾಚಕರು ಎರಡು ಬಾರಿ ಓದಬೇಕು. ೧೯೫೩ರಲ್ಲಿ ಹಿಲರಿ ಮತ್ತು ತೇನ್‌ಸಿಂಗರಿದ್ದ ತಂಡವು ಕಾಠ್ಮಂಡುವಿನ ಕಣಿವೆಯಿಂದ ತೆಂಗ್‌ಬೋಚೆಯವರೆಗೆ ಎರಡು ವಾರಕ್ಕೂ ಹೆಚ್ಚು ಕಾಲ ನಡೆದು ಹೋಯಿತು. ಹೋದಮೇಲೂ ಅಲ್ಲಿಯ ಸುತ್ತಮುತ್ತಲಿನ ಬೆಟ್ಟಗಳಲ್ಲಿ ಸುಮಾರು ಮೂರು ವಾರ ಹತ್ತಿ ಇಳಿದು ಮೈ ಒಗ್ಗಿಸಿಕೊಂಡಿತು. ಅಂದಿನವರಿಗೆ ಬೇರೆ ದಾರಿಯಿರಲಿಲ್ಲ. ದಾರಿಯ ದೂರವೇ ಅವರಿಗೆ ಔಷಧವಾಯಿತು. ಶೆರ್ಪಾ ಜನರಿಗೆ ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸುವ ಸಾಮಗ್ರಿ ತರಲೆಂದು ಹಿಲರಿಯೇ ಮುಂದೆ ನಿಂತು ೧೯೬೪ರಲ್ಲಿ ಲುಕ್ಲಾದಲ್ಲಿ ವಿಮಾನದ ನೆಲೆಯನ್ನು ಮಾಡಿಸಿದನು. ಅದರಿಂದ ಆ ಪ್ರಾಂತಕ್ಕೆ ಆದ ಉಪಕಾರ ಅಪಾರ. ಆದರೆ ಯಾತ್ರಿಕನ ಪಾಲಿಗೆ ಎರಡು ವಾರದ ಔಷಧವು ಮುಕ್ಕಾಲು ಗಂಟೆಯ ಹಾರಾಟದಲ್ಲಿ ಕೈತಪ್ಪಿಹೋಯಿತು. ಆ ಔಷಧವನ್ನು ಈಗ ನಾವೇ ದಿನಗಳ ರೂಪದಲ್ಲಿ ಕಟ್ಟಿಕೊಂಡು ಹೋಗಬೇಕು. ಬುತ್ತಿಯೆಂದು ನಾವು ಹೇಳುವುದು ಇದನ್ನು.

ಬುತ್ತಿ ಎಷ್ಟಿರಬೇಕು? ೧೦,೦೦೦ ಅಡಿ ದಾಟಿದ ಮೇಲೆ, ಒಂದು ರಾತ್ರಿ ಮಲಗಿದ ಎತ್ತರಕ್ಕಿಂತ ಮರುರಾತ್ರಿ ಮಲಗುವ ಎತ್ತರ ೧,೬೦೦ ಅಡಿಗಳಿಗಿಂತ ಹೆಚ್ಚಾಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ತಂಗಬೇಕೆಂದು ವೈದ್ಯರ ನಿಯಮ. ಹಗಲು ಎತ್ತರಕ್ಕೆ ಹೋಗಿ ಬರಬಹುದು; ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ಈ ನಿಯಮದಂತೆ ನಾಮ್ಚೆಯಲ್ಲಿ ಒಂದು ದಿನ, ಫೆರಿಚೆ ಅಥವಾ ಅದರ ಪಕ್ಕದ ಡಿಂಗ್‌ಬೋಚೆಯಲ್ಲಿ ಇನ್ನೊಂದು ದಿನ ನಿಂತು ನಡೆದರೆ, ಲುಕ್ಲಾದಿಂದ ಹೊರಟು ಲುಕ್ಲಾಕ್ಕೆ ಮರಳಲು ಹನ್ನೊಂದು ದಿನವಾದರೂ ಬೇಕು. ಲುಕ್ಲಾದ ವಿಮಾನಗಳನ್ನು ನಂಬುವಂತಿಲ್ಲ. ಮೋಡ ಕವಿದರೆ ಒಂದು ದಿನ, ಎರಡು ದಿನ ಹಾರದೆ ನಿಂತುಬಿಡುತ್ತವೆ. ಬೆಂಗಳೂರಿನಿಂದ ಕಾಠ್ಮಂಡುವಿಗೆ ಹೋಗಿಬರುವ ದಿನಗಳು ಬೇರೆ. ಒಟ್ಟು ಹದಿನಾರು ಹದಿನೇಳು ದಿನವಿಲ್ಲದೆ ಈ ಯಾತ್ರೆಗೆ ಕೈಹಾಕಕೂಡದು. ಹತ್ತು ದಿನದ ರಜೆಯಲ್ಲಿ ಮುಗಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ, ಉಳಿದ ಆರು ದಿನಗಳನ್ನು ಅವರು ಎಲ್ಲಿಂದ ತಂದರೆಂದು ಕೇಳತಕ್ಕದ್ದು.

ಬೇನೆಯ ಲಕ್ಷಣಗಳನ್ನು ಹೋಗುವವರಷ್ಟೇ ಅಲ್ಲ, ಮನೆಯವರೂ ಬಲ್ಲವರಾಗಿರಬೇಕು. ದೂರವಾಣಿಯಲ್ಲಿ ಮಗಳ ಮಾತು ಕೇಳುವಾಗ ಅದು ಉಪಯೋಗಕ್ಕೆ ಬರುವುದು. ತಲೆನೋವು, ಊಟ ಬೇಡವೆನ್ನಿಸುವುದು, ವಾಕರಿಕೆ, ಮೈ ಬಳಲುವುದು, ತಲೆ ತಿರುಗುವುದು ಮೊದಲ ಮೆಟ್ಟಿಲು. ಬಿಸಿಲಿನಿಂದ ಬಂತು, ನಿದ್ರೆಗೆಟ್ಟು ಬಂತು, ಹೋಟೆಲಿನ ಎಣ್ಣೆಯಿಂದ ಬಂತು ಎಂದು ಹೇಳಿಕೊಳ್ಳಲು ನೂರು ನೆವಗಳಿವೆ. ಎತ್ತರದಲ್ಲಿ ತಲೆನೋವು ಬಂದರೆ ಅದು ಎತ್ತರದ ಬೇನೆಯೇ ಎಂದು ತಿಳಿದು, ಇಳಿಮುಖವಾಗುವವರೆಗೆ ಅಲ್ಲಿಂದ ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಡಬಾರದು. ಬಹುಮಂದಿಗೆ ಒಂದೆರಡು ದಿನದಲ್ಲಿ ಅದು ತಾನಾಗಿಯೇ ಹೋಗುತ್ತದೆ. ಹಾಗಲ್ಲದೆ, ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಯಾಗುವುದು, ನೊರೆಯಾದ ಕಫ ಕಂಡರೆ ಪುಪ್ಪುಸದಲ್ಲಿ ನೀರು ತುಂಬುತ್ತಿದೆಯೆಂದು ಅರ್ಥ. ಮಾತು ತೊದಲುವುದು, ಬುದ್ಧಿ ಮಂಕಾಗುವುದು, ಕುಡಿದವನಂತೆ ಓಲಾಡುವುದು ಕಂಡರೆ ಮಿದುಳು ಬಾತಿದೆಯೆಂದು ಅರ್ಥ. ಇದಕ್ಕೊಂದು ಸುಲಭವಾದ ಪರೀಕ್ಷೆಯುಂಟು: ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿಯನ್ನು ಮುಟ್ಟಿಸುತ್ತ ನೇರವಾದ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಿಸುವುದು. ನಡೆಯಲಾರದವನನ್ನು ಆಗಲೇ, ರಾತ್ರಿಯಾದರೆ ರಾತ್ರಿಯಲ್ಲಿಯೇ, ಕೆಳಕ್ಕೆ ಸಾಗಿಸಬೇಕು. ಬೆಳಗಾಗಲೆಂದು ಕಾದ ಗಂಟೆಗಳಲ್ಲಿ ಪ್ರಾಣ ಹೋದದ್ದುಂಟು. ಒಂದರಿಂದ ಮೂರು ಸಾವಿರ ಅಡಿ ಇಳಿದೊಡನೆ ರೋಗಿಯು ಚೇತರಿಸಿಕೊಳ್ಳುವುದನ್ನು ಕಾಣದವರು ನಂಬಲಾರರು.

ಇನ್ನೊಂದನ್ನು ಹೇಳಿಬಿಡಬೇಕು, ಇಲ್ಲವಾದರೆ ವೃಥಾ ಗಾಬರಿಯಾದೀತು. ಎತ್ತರದಲ್ಲಿ ಮಲಗಿದವರ ಉಸಿರು ಕ್ರಮವಾಗಿ ಏರಿ, ಇಳಿದು, ಕೆಲವು ಕ್ಷಣ ನಿಂತೇಹೋಗಿ, ಮತ್ತೆ ಒಮ್ಮೆಲೇ ಪ್ರಾರಂಭವಾಗುವುದುಂಟು. ಪಕ್ಕದಲ್ಲಿ ಮಲಗಿದವರ ಎದೆ ಝಲ್ಲೆನ್ನುವುದು. ಅದು ಸಾಮಾನ್ಯವಾಗಿ ಎಲ್ಲರಿಗೂ ಆಗುವಂತಹದು. ಬೇರೆ ಲಕ್ಷಣಗಳಿಲ್ಲದಿದ್ದರೆ ಹೆದರಬೇಕಾದುದಿಲ್ಲ.

ಔಷಧವಿಲ್ಲವೇ ಎಂದರೆ, ಉಂಟು. ಅಸೆಟಜೋಲಮೈಡ್ ಎಂಬ ಮಾತ್ರೆಯು ಮೂತ್ರಪಿಂಡಗಳ ಕೆಲಸವನ್ನು ಸ್ವಲ್ಪ ಚುರುಕುಗೊಳಿಸಿ ಉಸಿರಾಟಕ್ಕೆ ಅನುಕೂಲ ಮಾಡಿಕೊಡುತ್ತದೆ. ಬೆರಳ ತುದಿಗಳು ಜುಮುಗುಟ್ಟುವುದು, ಮೂತ್ರಕ್ಕೆ ಹೆಚ್ಚು ಬಾರಿ ಏಳುವುದು ಅದರ ಕಿರುಕುಳ. ಕೆಲವರ ದೇಹಕ್ಕೆ ಅದು ಆಗಿಬರುವುದಿಲ್ಲವಾದ ಕಾರಣ ಮನೆಯ ವೈದ್ಯರನ್ನು ಕೇಳದೆ ಕೊಳ್ಳತಕ್ಕದ್ದಲ್ಲ. ಎದೆಯ ಬೇನೆ, ರಕ್ತಹೀನತೆ ಇರುವವರೂ ಗರ್ಭಿಣಿಯರೂ ಹೊರಡುವ ಮಾತಿಗೆ ಮೊದಲೇ ವೈದ್ಯರನ್ನು ಕಾಣಬೇಕು. ಆದರೆ ಮಾತ್ರೆಯಿದೆಯೆಂದು ದಿನಗಳನ್ನು ಕಡಿಯುವುದು, ಕೊಡೆಯಿದೆಯೆಂದು ಹೊಳೆಗಿಳಿದಂತೆ. ನಿದ್ರೆಯ ಗುಳಿಗೆಯನ್ನೂ ಮದ್ಯವನ್ನೂ ಅಲ್ಲಿ ಮುಟ್ಟಲೇಬಾರದು. ಅವು ಉಸಿರನ್ನು ಇನ್ನೂ ಕುಗ್ಗಿಸುತ್ತವೆ.

ನಿಜವಾದ ಕಷ್ಟ ಔಷಧದ್ದಲ್ಲ, ಮರ್ಯಾದೆಯದ್ದು. ಐವರು ಒಟ್ಟಿಗೆ ಹೊರಟಿದ್ದಾರೆ. ಹಣವನ್ನು ಮುಂಗಡವಾಗಿ ಕೊಟ್ಟಾಗಿದೆ. ತಿರುಗಿ ಬರುವ ವಿಮಾನದ ದಿನ ಗೊತ್ತಾಗಿದೆ. ಒಬ್ಬಳಿಗೆ ತಲೆ ಸಿಡಿಯುತ್ತಿದೆ. ಹೇಳಿದರೆ ನಾಲ್ವರ ಯಾತ್ರೆ ತನ್ನಿಂದ ಕೆಡುವುದೆಂದು ಬಾಯಿ ಮುಚ್ಚಿಕೊಂಡು ನಡೆಯುತ್ತಾಳೆ. ಒಂದು ದಿನ ಹೆಚ್ಚಿಗೆ ಇದ್ದ ತಂಡದಲ್ಲಿ ಅವಳು ಬಾಯಿಬಿಟ್ಟು ಹೇಳುತ್ತಿದ್ದಳು. ಎಲ್ಲರೂ ಒಂದು ದಿನ ಕುಳಿತು ಚಹಾ ಕುಡಿದು, ಮಾರನೆಯ ದಿನ ನಗುನಗುತ್ತ ಹೊರಡುತ್ತಿದ್ದರು. ಬೇನೆಯಾದವರನ್ನು ಒಂಟಿಯಾಗಿ ಬಿಟ್ಟು ಮುಂದುವರಿಯುವುದೂ, ಭಾಷೆ ತಿಳಿಯದ ಹೊರೆಯಾಳಿನೊಡನೆ ಕೆಳಕ್ಕೆ ಅಟ್ಟುವುದೂ ಸಲ್ಲದು. ಸ್ನೇಹಿತರೊಬ್ಬರು ಜೊತೆಗೆ ಇಳಿಯಲೇಬೇಕು. ಈ ಮಾತನ್ನು ಹೊರಡುವುದಕ್ಕೆ ಮೊದಲು ಐವರೂ ಒಬ್ಬರಿಗೊಬ್ಬರು ಕೊಟ್ಟುಕೊಂಡಿರಬೇಕು.

ಹವೆಯ ವಿಷಯದಲ್ಲಿಯೂ ದಿನಗಳ ಬುತ್ತಿ ಬೇಕಾದದ್ದೇ. ೨೦೨೪ನೆಯ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡವು ಹಿಮದ ಬಿರುಗಾಳಿಗೆ ಸಿಕ್ಕಿ ಒಂಬತ್ತು ಜನ ಪ್ರಾಣಬಿಟ್ಟುದನ್ನು ನಮ್ಮ ವಾಚಕರು ಮರೆತಿರಲಾರರು. ಸಾವಿನ ಮನೆಗಳ ಮುಂದೆ ನಿಂತು ಸರಿ ತಪ್ಪುಗಳನ್ನು ಎಣಿಸುವುದು ನಮ್ಮ ಕೆಲಸವಲ್ಲ. ಆದರೆ ಬೆಟ್ಟದ ಹವೆಯು ಒಂದೆರಡು ಗಂಟೆಗಳಲ್ಲಿ ಹೇಗೆ ತಿರುಗಬಲ್ಲುದೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಗಾಳಿಯೂ ಒದ್ದೆಯೂ ಕೂಡಿದರೆ ಹಿಮ ಬೀಳಬೇಕಾದುದೂ ಇಲ್ಲ, ಮೈಯ ಬಿಸಿ ಹೊರಟುಹೋಗುತ್ತದೆ. ಆದುದರಿಂದ ತಾಯಂದಿರು ಮಗಳ ಚೀಲದಲ್ಲಿ ಹತ್ತಿಯ ಬಟ್ಟೆಗಳನ್ನು ತುರುಕದಿರಲಿ. ಹತ್ತಿಯು ಬೆವರಿಗೆ ನೆನೆದು ಮೈಗೆ ಅಂಟಿಕೊಂಡು ತಣ್ಣಗಾಗುವುದು. ಉಣ್ಣೆಯಾದರೋ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುವುದು. ಒಳಗೆ ತೆಳುವಾದ ಉಣ್ಣೆ, ನಡುವೆ ದಪ್ಪನಾದುದು, ಹೊರಗೆ ಗಾಳಿ ಮಳೆ ತಡೆಯುವ ಅಂಗಿ. ಕೈಗವಸು, ಕಿವಿಮುಚ್ಚುವ ಟೊಪ್ಪಿಗೆ. ರಾತ್ರಿಗೆಂದೇ ಬೇರೆಯಾಗಿ ಕಟ್ಟಿಟ್ಟ ಒಂದು ಜೊತೆ ಒಣ ಕಾಲುಚೀಲ. ಬೂಟುಗಳನ್ನು ಎರಡು ತಿಂಗಳು ಮುಂಚೆ ಕೊಂಡು ನಡೆದು ಹದಮಾಡಬೇಕು. ಬೆನ್ನಚೀಲವು ಐದಾರು ಕಿಲೋಗ್ರಾಂ ದಾಟದಿರಲಿ.

ಉಳಿದ ಹೊರೆಯನ್ನು ಹೊರೆಯಾಳಿಗೆ ಕೊಡುತ್ತಾರೆ. ಇವರೆಲ್ಲರೂ ಆ ಎತ್ತರದಲ್ಲಿ ಹುಟ್ಟಿಬೆಳೆದ ಶೆರ್ಪಾಗಳೆಂದು ಭಾವಿಸುವುದು ಸಾಮಾನ್ಯ. ಹಾಗಲ್ಲ, ಅನೇಕರು ಕೆಳಗಿನ ಕಣಿವೆಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಅವರಿಗೂ ನಮ್ಮಷ್ಟೇ ತಲೆನೋಯುತ್ತದೆ, ಅವರ ಪುಪ್ಪುಸದಲ್ಲಿಯೂ ನೀರು ತುಂಬುತ್ತದೆ. ಕೂಲಿ ತಪ್ಪೀತೆಂದು ಅವರು ಹೇಳುವುದು ಇನ್ನೂ ಕಡಮೆ. ಯಾತ್ರೆಯನ್ನು ಏರ್ಪಡಿಸುವವರನ್ನು, “ನಮ್ಮ ಹೊರೆಯಾಳಿಗೆ ಬೂಟು, ಕಂಬಳಿ ಉಂಟೆ? ಅವನಿಗೆ ಬೇನೆಯಾದರೆ ಕೆಳಕ್ಕೆ ತರುವವರು ಯಾರು?” ಎಂದು ಕೇಳಿ ನೋಡಿರಿ. ಉತ್ತರ ಕೊಡುವ ರೀತಿಯಿಂದಲೇ ಅವರು ಎಂತಹವರೆಂಬುದು ತಿಳಿಯುವುದು.

ತಿನಿಸಿನ ಯೋಚನೆ ಹೆಚ್ಚು ಬೇಡ. ದಾರಿಯುದ್ದಕ್ಕೂ ಅನ್ನ, ಬೇಳೆಸಾರು, ಆಲೂಗೆಡ್ಡೆ ದೊರೆಯುತ್ತವೆ. ಆದರೂ ಎತ್ತರದಲ್ಲಿ ನಾಲಗೆಗೆ ರುಚಿ ಕೆಡುವುದರಿಂದ ಮನೆಯದೇನಾದರೂ ಇದ್ದರೆ ನಾಲ್ಕು ತುತ್ತು ಹೆಚ್ಚಾಗಿ ಇಳಿಯುವುದು. ನಮ್ಮ ಆಯ್ಕೆ ಹುರಿಹಿಟ್ಟು. ಶೆರ್ಪಾಗಳೂ ಟಿಬೆಟ್ಟಿನವರೂ ಬಾರ್ಲಿಯನ್ನು ಹುರಿದು ಬೀಸಿ, ಚಾಂಪಾ ಎಂದು ಕರೆದು, ಚಹಾದಲ್ಲಿ ಕಲಸಿ ತಿನ್ನುವುದು ಇದನ್ನೇ. ನೀರು ಚೆನ್ನಾಗಿ ಕಾಯದ ನಾಡಿನಲ್ಲಿ ಮೊದಲೇ ಹುರಿದ ಹಿಟ್ಟಿಗಿಂತ ಬುದ್ಧಿವಂತಿಕೆಯ ಆಹಾರ ಬೇರಾವುದು? ಜೊತೆಗೆ ಕಡಲೆಕಾಯಿಯ ಚಿಕ್ಕಿ, ನಿಂಬೆಯ ಉಪ್ಪಿನಕಾಯಿ ಇಷ್ಟು ಸಾಕು.

ಇನ್ನು ನಮ್ಮ ಪತ್ರಲೇಖಕರಿಗೆ ನೇರವಾದ ಉತ್ತರ. ಮಗಳನ್ನು ಬೇಡವೆನ್ನಬೇಡಿರಿ, ಇನ್ನೂ ಏಳು ದಿನದ ರಜೆ ಸಂಪಾದಿಸಿಕೊಂಡು ಹೋಗೆಂದು ಹೇಳಿರಿ. ಟಿಕೆಟ್ಟಿನ ದಿನ ಬದಲಾಯಿಸಲು ತಗಲುವ ಹಣವನ್ನು, ಸಾಧ್ಯವಿದ್ದರೆ, ನೀವೇ ಕೊಟ್ಟುಬಿಡಿರಿ. ಹೆಲಿಕಾಪ್ಟರಿನಲ್ಲಿ ಕೆಳಕ್ಕೆ ತರುವ ವೆಚ್ಚವನ್ನು ಒಳಗೊಂಡ ವಿಮೆಯನ್ನು, ೧೭,೬೦೦ ಅಡಿಗಳವರೆಗೂ ಅದು ಸಲ್ಲುವುದೇ ಎಂದು ಓದಿ ನೋಡಿ, ಮಾಡಿಸಿರಿ. ಬೆಟ್ಟಗಳ ನಡುವೆ ದೂರವಾಣಿ ಒಂದೆರಡು ದಿನ ಮೌನವಾಗಿರುವುದು ಸಹಜವೆಂದು ಅವಳ ತಾಯಿಗೆ ಈಗಲೇ ತಿಳಿಸಿಡಿರಿ. ನಡುದಾರಿಯಿಂದ “ಹಿಂದಿರುಗುತ್ತಿದ್ದೇನೆ” ಎಂದು ಅವಳು ಹೇಳಿದ ದಿನ, ಖರ್ಚಾದ ಹಣದ ಮಾತನ್ನು ಎತ್ತಬೇಡಿರಿ.

ರಜೆ ಹತ್ತೇ ದಿನವೆಂದು ಕಚೇರಿಯವರು ಹಟಹಿಡಿದರೆ, ಆಗಲೂ ಚಿಂತೆಯಿಲ್ಲ. ಗುರಿಯನ್ನು ತೆಂಗ್‌ಬೋಚೆಗೆ ಇಳಿಸಿಕೊಳ್ಳಲಿ. ಲುಕ್ಲಾದಿಂದ ನಾಮ್ಚೆ, ಅಲ್ಲಿ ಒಂದು ದಿನ ವಿಶ್ರಾಂತಿ, ಮರುದಿನ ತೆಂಗ್‌ಬೋಚೆ. ಅಲ್ಲಿಂದ ಎರಡು ದಿನದಲ್ಲಿ ಮರಳಿ ಲುಕ್ಲಾ. ಆರು ದಿನದ ನಡಿಗೆ ಮುಗಿದು, ಮೋಡಕ್ಕೆಂದು ಒಂದು ದಿನವಾದರೂ ಕೈಯಲ್ಲಿ ಉಳಿಯುತ್ತದೆ. ಬಹಳ ಜನಕ್ಕೆ ತಿಳಿಯದ ಸಂಗತಿ ಏನೆಂದರೆ, ಅಷ್ಟು ಕಷ್ಟಪಟ್ಟು ಸೇರುವ ಆ ಬುಡದ ಬೀಡಿನಿಂದ ಎವರೆಸ್ಟಿನ ನೆತ್ತಿ ಕಾಣಿಸುವುದೇ ಇಲ್ಲ; ಎದುರಿನ ಬೆಟ್ಟದ ಹೆಗಲುಗಳು ಅದನ್ನು ಮರೆಮಾಡುತ್ತವೆ. ತೆಂಗ್‌ಬೋಚೆಯ ವಿಹಾರದ ಅಂಗಳದಿಂದಾದರೋ, ಆಕಾಶ ತಿಳಿಯಾಗಿದ್ದ ಬೆಳಿಗ್ಗೆ, ನುಪ್ಸೆ ಲೋಟ್ಸೆಗಳ ಗೋಡೆಯ ಮೇಲಿಂದ ಇಣುಕುವ ಆ ಕಪ್ಪು ಶಿಖರವೂ, ಅದರ ಬಲಕ್ಕೆ ಅದಕ್ಕಿಂತ ನೂರ್ಮಡಿ ಚೆಲುವಾದ ಅಮಾ ದಬ್ಲಮ್ ಶಿಖರವೂ ಒಟ್ಟಿಗೆ ಕಾಣುತ್ತವೆ.